ರೌಟರ್ ಕಡೆಗೂ ಸ್ವಲ್ಪ ನೋಡಿ

ಊರಿಗೆ ಹೊರಟರೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವರು ನೀವು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದದ್ದೂ ಉಂಟು. ಟಿವಿ ಪಕ್ಕದಲ್ಲಿ ಕಣ್ಣು ಮಿಟುಕಿಸುತ್ತಾ ಕೂತಿರುವ ವೈಫೈ ರೌಟರಿನ ಪಾಸ್‌ವರ್ಡ್ ಮಾತ್ರ ಕನೆಕ್ಷನ್ ಕೊಟ್ಟ ಹುಡುಗ ಇಟ್ಟುಹೋದದ್ದೇ! ಅದೂ ಏನು, ನಿಮ್ಮದೇ ಫೋನ್ ನಂಬರು. ಬೀದಿಗೆಲ್ಲ ಗೊತ್ತಿರುವ ಗುಟ್ಟು.

"ನಮ್ಮಲ್ಲಿ ಕದಿಯುವುದಕ್ಕೆ ಏನಿದೆ" ಅನ್ನಬೇಡಿ. ಕಳ್ಳನಿಗೆ ನಿಮ್ಮ ಗಂಟು ಬೇಡ, ನಿಮ್ಮ ಹೆಸರಿನ ದಾರಿ ಸಾಕು. 2008ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಬಾಂಬು ಸಿಡಿಯುವ ಕೆಲವೇ ನಿಮಿಷ ಮೊದಲು ಟಿವಿ ಚಾನೆಲ್ಲುಗಳಿಗೆ ಇಮೇಲ್ ಬಂತು. ಜಾಡು ಹಿಡಿದ ಪೊಲೀಸರು ಬಂದು ನಿಂತದ್ದು ನವಿ ಮುಂಬೈಯ ಒಂದು ಫ್ಲ್ಯಾಟಿನ ಮುಂದೆ. ಆ ಮನೆಯ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. ವಿಚಾರಣೆ ಎದುರಿಸಿದವರು ಮನೆಯವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳಿಗೆ ನುಗ್ಗಿತು. ದೊಡ್ಡ ಮಂತ್ರವೇನೂ ಹಾಕಲಿಲ್ಲ. ಕಾರ್ಖಾನೆಯಿಂದ ಬಂದ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿತು, ಅಷ್ಟೆ. 'ಅಡ್ಮಿನ್, ಅಡ್ಮಿನ್' ಎಂದೇ ಬಿಟ್ಟವರು ಎಷ್ಟು ಜನ ನೋಡಿ!

ಹಾಗಾಗಿ ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ರೌಟರ್ ಮಗುಚಿ ನೋಡಿದರೆ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.1.1 ಥರದ್ದು. ಬ್ರೌಸರಿನಲ್ಲಿ ಅದನ್ನು ಹಾಕಿ ಒಳಗೆ ಹೋಗಿ. ಬದಲಿಸಬೇಕಾದ ಪಾಸ್‌ವರ್ಡ್ ಎರಡು: ವೈಫೈಯದು ಒಂದು, ರೌಟರಿನ ಸೆಟ್ಟಿಂಗ್ಸ್‌ನದು ಇನ್ನೊಂದು. ಎರಡನೆಯದನ್ನೇ ಎಲ್ಲರೂ ಮರೆಯುವುದು. ಮಗಳ ಹೆಸರಿಗೆ 123 ಅಂಟಿಸಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ, ಉದ್ದವಾಗಿರಲಿ. ಭದ್ರತೆಯ ಜಾಗದಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದು, ಇಲ್ಲದಿದ್ದರೆ ಡಬ್ಲ್ಯೂಪಿಎ2. ಡಬ್ಲ್ಯೂಇಪಿ ಅಂತ ಕಂಡರೆ ಮುಟ್ಟಬೇಡಿ, ಅದು 2001ರಲ್ಲೇ ಮುರಿದುಬಿದ್ದ ಬೀಗ. ಗುಂಡಿ ಒತ್ತಿದರೆ ಸಾಕು ಅನ್ನುವ ಡಬ್ಲ್ಯೂಪಿಎಸ್ ಕೂಡ ಆಫ್ ಇರಲಿ. ಅದರ ಪಿನ್ ಎಂಟಂಕಿಯದಾದರೂ ರೌಟರ್ ಅದನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ 11,000 ಸಲ ಪ್ರಯತ್ನಿಸಿದರೆ ಸಿಕ್ಕೇಬಿಡುತ್ತದೆ. ಹೊರಗಿನಿಂದ ನಿಯಂತ್ರಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ನಿಮಗೆ ಯಾಕೆ? ಅದನ್ನೂ ಮುಚ್ಚಿ. ಅಪ್‌ಡೇಟ್ ಬಂದಿದ್ದರೆ "ನಾಳೆ" ಅನ್ನಬೇಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು?

ನೆಂಟರು ಕಾಫಿ ಮುಗಿಸುವ ಮೊದಲೇ ವೈಫೈ ಕೇಳುತ್ತಾರೆ. ಇಲ್ಲ ಅನ್ನುವುದಕ್ಕೆ ನಿಮಗೂ ಸಂಕೋಚ, ನನಗೂ. ಗೆಸ್ಟ್ ನೆಟ್‌ವರ್ಕ್ ತೆರೆದು ಅದನ್ನು ಕೊಡಿ. ಸಿಸಿಟಿವಿ, ಸ್ಮಾರ್ಟ್ ಬಲ್ಬುಗಳೂ ಅಲ್ಲೇ ಇರಲಿ. ಲೆಕ್ಕಪತ್ರವಿರುವ ಲ್ಯಾಪ್‌ಟಾಪಿನ ಪಂಕ್ತಿಯಲ್ಲಿ ಅವಕ್ಕೆ ಎಲೆ ಹಾಕಬೇಡಿ.

ಅಂಗಡಿ, ಕ್ಲಿನಿಕ್ ನಡೆಸುವವರೇ, "ನಮ್ಮದು ವೈರು, ಭಯವಿಲ್ಲ" ಎಂದು ನೀವು ಬೀಗಬೇಡಿ. ರೋಗಿಗಳು ಕಾಯುವ ಬೆಂಚಿನ ಹಿಂದೆ ಲ್ಯಾನ್ ಸಾಕೆಟ್ ಬಾಯ್ತೆರೆದು ನಿಂತಿರುವುದನ್ನು ಕಂಡಿದ್ದೇನೆ. ಯಾರಾದರೂ ವೈರು ಸಿಕ್ಕಿಸಿದರೆ ಸೀದಾ ಒಳಮನೆಗೇ ಬಂದ ಹಾಗೆ. ಬಳಸದ ಸಾಕೆಟ್ಟಿನ ಸಂಪರ್ಕ ತೆಗೆಸಿ, ನೆಟ್‌ವರ್ಕ್ ಸ್ವಿಚ್ ಇರುವ ಪೆಟ್ಟಿಗೆಗೆ ಬೀಗ ಹಾಕಿಸಿ.

ಒಂದು ಮಾತು ಮೊದಲೇ ಹೇಳಬೇಕಿತ್ತು. ವೈಫೈ ಪಾಸ್‌ವರ್ಡ್ ಬದಲಿಸಿದ ಕ್ಷಣ ಮನೆಯ ಫೋನು, ಟಿವಿ ಎಲ್ಲದರ ಸಂಪರ್ಕ ಕಡಿದುಹೋಗುತ್ತದೆ. ಒಂದೊಂದಕ್ಕೂ ಹೊಸದನ್ನು ತುಂಬಬೇಕು. ಆದ್ದರಿಂದ ಮನೆಮಂದಿ ಕ್ರಿಕೆಟ್ ನೋಡುತ್ತಿರುವಾಗ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ.