ಹುಣ್ಣಿಮೆ ನೋಡಿ ಗದಗಿಗೆ ಬನ್ನಿ: ಗುಡಿ, ಮಠ, ಸಂಗೀತ, ಜಾತ್ರೆಯ ಒಂದು ದಿನ

ಪ್ರವಾಸಕ್ಕೆ ಹೊರಡುವ ಮುನ್ನ ಸಾಮಾನ್ಯವಾಗಿ ಕ್ಯಾಲೆಂಡರಿನಲ್ಲಿ ರಜೆ ಎಲ್ಲಿದೆ ಎಂದು ನೋಡುತ್ತೇವೆ. ಗದಗ-ಬೆಟಗೇರಿ ಕಡೆ ಹೊರಟವರು ಅದರ ಜೊತೆಗೆ ಹುಣ್ಣಿಮೆ ಯಾವತ್ತು ಬಿದ್ದಿದೆ ಎಂದೂ ನೋಡಿಕೊಳ್ಳಬೇಕು. ಈ ಸೀಮೆಯ ದೊಡ್ಡ ಜಾತ್ರೆಗಳು, ಹೊಲದ ಹಬ್ಬಗಳು, ಮಠದ ಉತ್ಸವಗಳು ನಡೆಯುವುದು ಹುಣ್ಣಿಮೆ-ಅಮಾವಾಸ್ಯೆಯ ಲೆಕ್ಕದಲ್ಲಿ. ಗುಡಿಗಳನ್ನು ವರ್ಷದ ಯಾವ ದಿನ ಬೇಕಾದರೂ ನೋಡಬಹುದು. ಜನ ಸೇರಿ ಹಬ್ಬ ಮಾಡುವುದನ್ನು ನೋಡಬೇಕೆಂದರೆ ತಿಥಿ ಹಿಡಿದೇ ಬರಬೇಕು. ಇಲ್ಲಿನ ಹಬ್ಬಗಳಿಗೆ ಟಿಕೆಟ್ ಇಲ್ಲ, ಪ್ರೇಕ್ಷಕರ ಗ್ಯಾಲರಿಯೂ ಇಲ್ಲ. ಬಂದವರನ್ನು ಪಂಕ್ತಿಯಲ್ಲಿ ಕೂಡಿಸಿ ಉಣ್ಣಿಸಿ ಕಳಿಸುತ್ತಾರೆ.

ಯಾವಾಗ ಬರಬೇಕು?

ಭಾರತ ಹುಣ್ಣಿಮೆ (ಫೆಬ್ರುವರಿ ಸುಮಾರು): ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆ ಈ ಸುಮಾರಿಗೆ ಬರುತ್ತದೆ. ತೇರು ಎಳೆದ ಮರುದಿನ ‘ರೊಟ್ಟಿ ಜಾತ್ರೆ’. ಊರ ಹೆಣ್ಣುಮಕ್ಕಳು ದಿನಗಟ್ಟಲೆ ಬಡಿದಿಟ್ಟ ಖಡಕ್ ಜೋಳದ ರೊಟ್ಟಿಯನ್ನು ಪಲ್ಯ, ಹಿಂಡಿ ಸಮೇತ ಎಲ್ಲ ಜಾತಿ-ಮತದವರಿಗೂ ಒಟ್ಟಿಗೆ ಕೂಡಿಸಿ ಬಡಿಸುತ್ತಾರೆ. ಹವೆಯೂ ಹಿತವಾಗಿರುತ್ತದೆ.

ಹೋಳಿ ಹುಣ್ಣಿಮೆ (ಮಾರ್ಚ್): ಓಣಿ ಓಣಿಯಲ್ಲಿ ಹಲಗೆ ಸಪ್ಪಳ. ಗದಗಿನ ಕಿಲ್ಲಾ ಓಣಿಯಲ್ಲಿ ಪ್ರತಿಷ್ಠಾಪಿಸುವ ರತಿ-ಕಾಮರಿಗೆ ಜನ ತಮ್ಮ ಮನೆಯ ಬಂಗಾರ ತಂದು ತೊಡಿಸುವ ರೂಢಿ ಇದೆ. ದೇವರ ಮೈಮೇಲೆ ಇದ್ದು ಬಂದ ಬಂಗಾರ ಮನೆಯಲ್ಲಿ ಬೆಳೆಯುತ್ತದೆ ಎಂಬುದು ಅವರ ನಂಬಿಕೆ.

ದವನದ ಹುಣ್ಣಿಮೆ (ಏಪ್ರಿಲ್): ಗದಗಿನ ತೋಂಟದಾರ್ಯ ಮಠದ ಜಾತ್ರೆ. ತೇರಿನ ಜೊತೆಗೆ ಪುಸ್ತಕ ಬಿಡುಗಡೆ, ಉಪನ್ಯಾಸ, ನಾಟಕ, ಸಂಗೀತ. ಜಾತ್ರಾ ಸಮಿತಿಯಲ್ಲಿ ಎಲ್ಲ ಸಮುದಾಯದವರೂ ಇರುತ್ತಾರೆ. ಬೇಸಿಗೆಯ ನಡುಮಧ್ಯ, ಬಿಸಿಲು ತಡೆಯುವ ಶಕ್ತಿ ಬೇಕು.

ಆಗಿ ಹುಣ್ಣಿಮೆ (ಮೇ): ಶಿರಹಟ್ಟಿ ಫಕೀರೇಶ್ವರರ ತೇರು.

ಜೂನ್: ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳ ಪುಣ್ಯಸ್ಮರಣೋತ್ಸವ. ಸೆಪ್ಟೆಂಬರ್ 17 ಪುಟ್ಟರಾಜ ಗವಾಯಿಗಳ ಪುಣ್ಯತಿಥಿ. ಎರಡೂ ಸಂದರ್ಭದಲ್ಲಿ ಆಶ್ರಮದಲ್ಲಿ ಕಲಿತು ಹೋದವರು ಬಂದು ಹಾಡಿ ಗುರುಸೇವೆ ಸಲ್ಲಿಸುತ್ತಾರೆ.

ಶ್ರಾವಣ-ಭಾದ್ರಪದ: ನಾಗರ ಪಂಚಮಿಗೆ ಜೋಕಾಲಿ, ಅಳ್ಳು, ಥರಾವರಿ ಉಂಡಿ. ಪಂಚಮಿಯ ಮುನ್ನ ರೊಟ್ಟಿ ಹಬ್ಬ. ಗಣಪತಿ ಹಬ್ಬದ ಬೆನ್ನಿಗೆ ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಹೊತ್ತ ಹೆಣ್ಣುಮಕ್ಕಳು ಮಳೆ-ಬೆಳೆಗಾಗಿ ಹಾಡುತ್ತ ಮನೆಮನೆಗೆ ಬರುತ್ತಾರೆ.

ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆ: ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುತ್ತದೆ. ಆ ದಿನ ಪೇಟೆಯಲ್ಲಿ ಸುತ್ತುವುದಕ್ಕಿಂತ ಪರಿಚಯದ ರೈತರೊಬ್ಬರ ಹೊಲ ಸೇರುವುದೇ ಮೇಲು. ದೀಪಾವಳಿಯಲ್ಲಿ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು ಹೂ ತರಲು ಹೋಗುವ ಸಂಭ್ರಮ ಬೇರೆಯೇ.

ಮೊಹರಂ ಚಾಂದ್ರಮಾನದ ಲೆಕ್ಕದಲ್ಲಿ ವರ್ಷವರ್ಷ ಹಿಂದೆ ಸರಿಯುತ್ತದೆ. ಹಳ್ಳಿಗಳಲ್ಲಿ ಹಿಂದೂಗಳೂ ಡೋಲಿಗೆ ಸಕ್ಕರೆ ಓದಿಸುತ್ತಾರೆ. ಹೆಜ್ಜೆ ಮೇಳ, ರಿವಾಯತ ಪದ ಕೇಳಬೇಕೆಂದರೆ ಕೊನೆಯ ಎರಡು ರಾತ್ರಿ ಮುಖ್ಯ.

ತಲುಪುವುದು ಹೇಗೆ?

ಗದಗ ರೈಲ್ವೆ ಜಂಕ್ಷನ್. ಹುಬ್ಬಳ್ಳಿ, ಹೊಸಪೇಟೆ, ವಿಜಯಪುರ ಮೂರೂ ಕಡೆಯ ಹಳಿ ಇಲ್ಲಿ ಕೂಡುತ್ತವೆ. ಬೆಂಗಳೂರು ಕಡೆಯಿಂದ ಹಂಪಿ ಎಕ್ಸ್‌ಪ್ರೆಸ್, ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೇ ಊರಿನ ಮೇಲೆ ಹಾಯುತ್ತವೆ. ಹತ್ತಿರದ ವಿಮಾನ ನಿಲ್ದಾಣ ಹುಬ್ಬಳ್ಳಿ; ಅಲ್ಲಿಂದ ಸುಮಾರು 60 ಕಿ.ಮೀ., ಬಸ್ಸು ಮೇಲಿಂದ ಮೇಲೆ ಇವೆ. ಊರೊಳಗೆ ತಿರುಗಲು ಆಟೋ ಸಾಕು. ಲಕ್ಷ್ಮೇಶ್ವರ, ಶಿರಹಟ್ಟಿ ಸೇರಿಸಿಕೊಂಡರೆ ದಿನದ ಬಾಡಿಗೆಗೆ ಕಾರು ಮಾಡಿಕೊಳ್ಳಿ. ಬಸ್ಸು ನಂಬಿದರೆ ಒಂದು ಊರು ಬಿಡಬೇಕಾದೀತು.

ದಿನದ ನಡೆ

ಮುಂಜಾನೆ 6.30, ತ್ರಿಕೂಟೇಶ್ವರ. ಕಲ್ಯಾಣ ಚಾಲುಕ್ಯರ ಕಾಲದ ಗುಡಿ. ಒಂದೇ ಪೀಠದ ಮೇಲೆ ಮೂರು ಲಿಂಗ. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಪೂಜೆ. ಅದೇ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನು ಎಳೆಬಿಸಿಲು ಓರೆಯಾಗಿ ಬೀಳುವಾಗಲೇ ನೋಡಬೇಕು. ತಿರುಗಣಿಯಲ್ಲಿ ಕಡೆದ ಅಂಚು, ಸೂಕ್ಷ್ಮ ಕುಸುರಿ ಆಗ ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಕಣ್ಣು ತಪ್ಪಿಸಿಕೊಳ್ಳುತ್ತವೆ. ಇಲ್ಲಿಗೆ ಒಂದು ತಾಸು ಕೊಡಿ.

8.00, ವೀರನಾರಾಯಣ ಗುಡಿ. ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದನೆಂಬ ಪ್ರತೀತಿ ಇದೆ. ಗರ್ಭಗುಡಿಯಿಂದ ಮಹಾದ್ವಾರದವರೆಗೆ ನಡೆದರೆ ಚಾಲುಕ್ಯ, ಹೊಯ್ಸಳ, ವಿಜಯನಗರ ಮೂರೂ ಕಾಲದ ಕೈಗೆಲಸ ಸಿಗುತ್ತದೆ. ಆದರೆ ಕನ್ನಡಿಗರು ಇಲ್ಲಿಗೆ ಬರುವುದು ಒಂದು ಕಂಬಕ್ಕಾಗಿ. ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಕೊಳದಲ್ಲಿ ಮುಳುಗೆದ್ದು ಬಂದು ಈ ಕಂಬಕ್ಕೆ ಒರಗಿ, ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಭಾರತ ಹೇಳುತ್ತಿದ್ದನಂತೆ. ಜನ ಅದನ್ನು ‘ಗದುಗಿನ ಭಾರತ’ ಎಂದೇ ಕರೆದರು. ಗಮಕಿಗಳ ಪರಿಚಯ ಇದ್ದರೆ, ಎರಡು ಷಟ್ಪದಿ ಅಲ್ಲೇ ವಾಚಿಸಲು ಮೊದಲೇ ಕೇಳಿಕೊಳ್ಳಿ. ದಿನದ ಅತ್ಯುತ್ತಮ ಅರ್ಧ ಗಂಟೆ ಅದಾದೀತು.

9.00, ನಾಷ್ಟಾ. ಒಗ್ಗರಣಿ ಮತ್ತು ಮಿರ್ಚಿ. ಚುರುಮುರಿ ನೆನೆಸಿ ಹಾಕಿದ ಒಗ್ಗರಣೆಯ ಪಕ್ಕ ಬಿಸಿ ಮೆಣಸಿನಕಾಯಿ ಬಜ್ಜಿ ಇಲ್ಲದೆ ಇಲ್ಲಿ ಮುಂಜಾನೆ ಪೂರ್ತಿಯಾಗದು. ಖಾರ ತಡೆಯದವರು ಬದನೆಕಾಯಿ ಬಜ್ಜಿ ಕೇಳಿ.

9.45, ಬೆಟಗೇರಿ. ಜೋಡಿ ಊರಿನ ಈ ಅರ್ಧ ನೇಕಾರರದು. ಕೈಮಗ್ಗ ಕಡಿಮೆಯಾಗಿವೆ, ವಿದ್ಯುತ್ ಮಗ್ಗದ ಸದ್ದು ಹೆಚ್ಚು. ಓಣಿಯಲ್ಲಿ ನಡೆದು ಹೋಗುವಾಗ ಬಾಗಿಲಲ್ಲಿ ನಿಂತು ‘ಒಳಗ ಬರಬಹುದೇನ್ರಿ?’ ಎಂದು ಕೇಳಿದರೆ ಮಗ್ಗ ತೋರಿಸದೆ ಕಳಿಸುವವರು ಅಪರೂಪ. ಸೀರೆ ಕೊಳ್ಳುವುದಾದರೆ ಮಗ್ಗದ ಮನೆಯಲ್ಲೇ ಕೊಳ್ಳಿ. ಅಲ್ಲಿ ಚೌಕಾಶಿ ಬೇಡ. ಬೆಟಗೇರಿಯ ಹಳೆಯ ವೀರಗಲ್ಲುಗಳನ್ನೂ ಇದೇ ಸುತ್ತಿನಲ್ಲಿ ಮುಗಿಸಬಹುದು.

11.00, ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು (1892–1944) ಕಟ್ಟಿದ ಗುರುಕುಲ ಇದು. ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಅದನ್ನು ಬೆಳೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ, ವಿದ್ಯೆ, ವಸತಿ ಮೂರೂ ಉಚಿತ. ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು; ವೆಂಕಟೇಶ ಕುಮಾರ್ ಪುಟ್ಟರಾಜರ ಬಳಿ ಕಲಿತವರು. ಆಶ್ರಮ ತನ್ನದೇ ನಾಟಕ ಕಂಪನಿ ನಡೆಸಿ ಆ ಹಣದಿಂದ ಮಕ್ಕಳ ಹೊಟ್ಟೆ ತುಂಬಿಸಿದ ಕಾಲವೂ ಇತ್ತು. ಇಲ್ಲಿ ತೋರಿಕೆಯ ಸಂಗೀತ ಕಛೇರಿ ನಿರೀಕ್ಷಿಸಬೇಡಿ. ಆಶ್ರಮದ ಆಫೀಸಿನಲ್ಲಿ ಅನುಮತಿ ಕೇಳಿ, ಪಾಠ ನಡೆಯುವ ಕೋಣೆಯ ಹೊರಗೆ ಸುಮ್ಮನೆ ಕೂತು ಕೇಳಿ. ತಬಲಾ, ಹಾರ್ಮೋನಿಯಂ, ವಯೊಲಿನ್ ಒಂದೊಂದು ಕಡೆಯಿಂದ ಬರುತ್ತವೆ. ಮಕ್ಕಳ ಫೋಟೊ, ವಿಡಿಯೊ ಕೇಳದೆ ತೆಗೆಯಬಾರದು. ಕಾಣಿಕೆ ಕೊಡುವುದಾದರೆ ಮಕ್ಕಳ ಕೈಗಲ್ಲ, ಆಫೀಸಿಗೆ ಕೊಡಿ, ರಸೀದಿ ಕೊಡುತ್ತಾರೆ.

12.30, ಊಟ. ಆಶ್ರಮದಲ್ಲಿ ಅಥವಾ ಮಠದಲ್ಲಿ ಪ್ರಸಾದಕ್ಕೆ ಕೂಡಬಹುದು. ಖಾನಾವಳಿಗೆ ಹೋದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಮೊಸರು, ಕೊನೆಗೆ ಅನ್ನ-ಸಾರು. ಜಾತ್ರೆಯ ದಿನಗಳಲ್ಲಿ ಮಾದಲಿ ಅಥವಾ ಗೋಧಿ ಹುಗ್ಗಿ ಇರುತ್ತದೆ. ಬಿಸಿ ರೊಟ್ಟಿಯೋ ಖಡಕ್ ರೊಟ್ಟಿಯೋ ಎಂದು ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

2.30, ಲಕ್ಷ್ಮೇಶ್ವರ. ಗದಗಿನಿಂದ ಸುಮಾರು 40 ಕಿ.ಮೀ. ಹಳೆಯ ಪುಲಿಗೆರೆ ಇದೇ. ಕವಿರಾಜಮಾರ್ಗ ಅಚ್ಚ ಕನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಇದೊಂದು. ಪಂಪನೂ ಪುಲಿಗೆರೆಯ ಕನ್ನಡವನ್ನು ನೆನೆದವನೇ. ಸೋಮೇಶ್ವರ ಗುಡಿಯಲ್ಲಿ ಲಿಂಗದ ಬದಲು ನಂದಿಯ ಮೇಲೆ ಕೂತ ಶಿವ-ಪಾರ್ವತಿಯರ ಮೂರ್ತಿ ಇದೆ. ಸೌರಾಷ್ಟ್ರದಿಂದ ಸೋಮನಾಥನನ್ನೇ ಕರೆತಂದ ಆದಯ್ಯನ ಕಥೆಯನ್ನು ಹರಿಹರ, ರಾಘವಾಂಕ ಇಬ್ಬರೂ ಹಾಡಿದ್ದಾರೆ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಗುಡಿಯ ಜೀರ್ಣೋದ್ಧಾರವಾದ ಮೇಲೆ ಇದೇ ಅಂಗಳದಲ್ಲಿ ಪುಲಿಗೆರೆ ಉತ್ಸವ ಎಂಬ ಸಂಗೀತ-ನೃತ್ಯದ ಹಬ್ಬ ಶುರುವಾಯಿತು. ದಿನಾಂಕ ಮೊದಲೇ ಪತ್ರಿಕೆಗಳಲ್ಲಿ ಬರುತ್ತದೆ. ಸಮಯವಿದ್ದರೆ ಶಂಖ ಬಸದಿಯಲ್ಲಿ ಒಂದೇ ಕಲ್ಲಿನಲ್ಲಿ ಸಾಲುಸಾಲಾಗಿ ಜಿನಬಿಂಬ ಕೆತ್ತಿದ ಸಹಸ್ರಕೂಟ, ಆದಿಲಶಾಹಿ ಕಾಲದ ಜಾಮಿಯಾ ಮಸೀದಿ, ದೂದ ನಾನಾ ದರ್ಗಾ ನೋಡಿ. ಶೈವ, ಜೈನ, ಮುಸ್ಲಿಂ ನೆಲೆಗಳು ಇಷ್ಟು ಹತ್ತಿರ ಹತ್ತಿರ ಇರುವುದರಿಂದ ಕಾರು ಬಿಟ್ಟು ನಡೆದೇ ಸುತ್ತಬಹುದು.

4.30, ಶಿರಹಟ್ಟಿ. ಹತ್ತು-ಹನ್ನೆರಡು ಕಿ.ಮೀ. ದಾರಿ. ಫಕೀರೇಶ್ವರ ಮಠದ ಮೂಲಪುರುಷರನ್ನು ವಿಜಯಪುರದ ಸೂಫಿ ಖ್ವಾಜಾ ಅಮೀನುದ್ದೀನರ ಆಶೀರ್ವಾದದ ಜೊತೆ ಜೋಡಿಸಿ ಹೇಳುವ ಕಥೆ ಇಲ್ಲಿನವರ ಬಾಯಲ್ಲಿದೆ. ಲಿಂಗಾಯತ ಮಠಕ್ಕೆ ಫಕೀರನ ಹೆಸರು ಬಂದದ್ದು ಹಾಗೆ. ಹಿಂದೂ-ಮುಸ್ಲಿಂ ಇಬ್ಬರೂ ನಡೆದುಕೊಳ್ಳುತ್ತಾರೆ. ಚಳಿಗಾಲದಲ್ಲಿ ಬಂದರೆ ಸಮೀಪದ ಮಾಗಡಿ ಕೆರೆ ತಪ್ಪಿಸಬೇಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರಿನಿಂದ ಫೆಬ್ರುವರಿವರೆಗೆ ಇಲ್ಲಿರುತ್ತವೆ. ಹೊಲ ಮೇಯಲು ಹೋಗಿ ಬಂದು ನೀರಿಗಿಳಿಯುವ ಹೊತ್ತು ನೋಡಲು ಚೆಂದ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಏರಿಯ ಮೇಲಿಂದಲೇ ನೋಡಿ, ದುರ್ಬೀನು ತನ್ನಿ.

7.00, ಮರಳಿ ಗದಗ. ಸೋಮವಾರವಾದರೆ ನೇರ ತೋಂಟದಾರ್ಯ ಮಠಕ್ಕೆ ಹೋಗಿ. ವಾರಕ್ಕೊಮ್ಮೆ ನಡೆಯುವ ಶಿವಾನುಭವ ಗೋಷ್ಠಿಯಲ್ಲಿ ವಚನ, ಸಾಹಿತ್ಯ, ವಿಜ್ಞಾನ, ಯಾವುದರ ಮೇಲೆ ಬೇಕಾದರೂ ಮಾತಿರುತ್ತದೆ. ‘ಕನ್ನಡದ ಜಗದ್ಗುರು’ ಎಂದು ಹೆಸರಾದ ಸಿದ್ಧಲಿಂಗ ಸ್ವಾಮಿಗಳು (ನಿಧನ 2018) ಬೆಳೆಸಿದ ಮಠ ಇದು. ಮಠ ಪ್ರಕಟಿಸಿದ ಪುಸ್ತಕಗಳನ್ನು ಇಲ್ಲೇ ಕೊಳ್ಳಬಹುದು. ಬೇರೆ ದಿನವಾದರೆ ಪೇಟೆಯಲ್ಲಿ ಗಿರ್ಮಿಟ್ ತಿನ್ನುತ್ತ ತಿರುಗಿ.

ಎರಡನೆಯ ದಿನ ಇದ್ದರೆ

ಡಂಬಳ, ಮುಂಡರಗಿಗೆ ಹೊರಡಿ. ಡಂಬಳದ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ ನಕ್ಷತ್ರದ್ದು, 24 ಮೂಲೆ. ಗರ್ಭಗುಡಿಯ ಹೊರಗೋಡೆಯನ್ನು ಒಂದು ಸುತ್ತು ಬಂದರೆ ಬೆಳಕು-ನೆರಳು ಹೆಜ್ಜೆಹೆಜ್ಜೆಗೂ ಮುರಿಯುತ್ತದೆ. ಒಂದು ಕಾಲಕ್ಕೆ ಇಲ್ಲಿ ಬೌದ್ಧ ವಿಹಾರವೂ ಇತ್ತು. 11ನೇ ಶತಮಾನದ ಕೊನೆಯ ಶಾಸನ ತಾರಾದೇವಿಯನ್ನು ಸ್ತುತಿಸುತ್ತದೆ. ಮುಂದೆ ಮುಂಡರಗಿ, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ಊರು. ಅನ್ನದಾನೀಶ್ವರ ಮಠ ನೋಡಿ, ತುಂಗಭದ್ರೆಯ ದಡದ ಸಿಂಗಟಾಲೂರು ವೀರಭದ್ರನ ಗುಡಿಗೆ ಹೋಗಿ ಬನ್ನಿ. ಶಿಲ್ಪವೇ ಮುಖ್ಯ ಎನ್ನುವವರು ಇದರ ಬದಲು ಗದಗಿನಿಂದ 12 ಕಿ.ಮೀ. ದೂರದ ಲಕ್ಕುಂಡಿಗೆ ಒಂದು ಪೂರ್ತಿ ದಿನ ಎತ್ತಿಡಲಿ. ಅರ್ಧ ದಿನಕ್ಕೆ ಅದು ಮುಗಿಯುವ ಊರಲ್ಲ.

ದಾರಿ ತೋರಿಸುವವರು ಯಾರು?

ಗುಡಿಗಳಿಗೆ ಗೈಡ್ ಬೇಕಾದರೆ ಜಿಲ್ಲಾ ಪ್ರವಾಸೋದ್ಯಮ ಇಲಾಖೆಯಲ್ಲಿ ವಿಚಾರಿಸಿ. ಹಬ್ಬದ ವಿಷಯಕ್ಕೆ ಬಂದರೆ ಊರಿನ ಒಬ್ಬ ನಿವೃತ್ತ ಮಾಸ್ತರರು, ಕಾಲೇಜಿನ ಕನ್ನಡ ಅಥವಾ ಇತಿಹಾಸದ ಅಧ್ಯಾಪಕರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ತೇರು ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾವ ಕಟ್ಟೆಯ ಮೇಲೆ ನಿಂತರೆ ನೂಕುನುಗ್ಗಲು ಇಲ್ಲ, ಕರಡಿ ಮಜಲಿನ ವಾದ್ಯಮೇಳ ಯಾವ ಓಣಿಯಿಂದ ಬರುತ್ತದೆ ಎಂಬುದು ಅವರಿಗೆ ಗೊತ್ತು. ಅವರಿಗೆ ಸಂಭಾವನೆ ಕೊಡಲು ಸಂಕೋಚವಾದರೆ ಒಳ್ಳೆಯ ಪುಸ್ತಕ ಕೊಡಿ.

ಗೊತ್ತಿರಲಿ

ಮಠದಲ್ಲಿ ಸ್ವಾಮಿಗಳನ್ನು ‘ಅಜ್ಜಾರು’ ಎನ್ನುತ್ತಾರೆ. ಎದುರಾದರೆ ‘ಶರಣ್ರಿ’ ಸಾಕು. ಹಿರಿಯರ ಜೊತೆ ಮಾತಿನ ಕೊನೆಗೆ ‘ರೀ’ ಬಿಡಬೇಡಿ. ದರ್ಗಾ, ಮಸೀದಿಗಳಲ್ಲಿ ತಲೆ ಮುಚ್ಚಲು ಒಂದು ಬಟ್ಟೆ ಇಟ್ಟುಕೊಳ್ಳಿ. ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರಿಗೂ ಬಡಿಸುವ ತನಕ ಕಾಯಬೇಕು. ಅನ್ನ ಬಿಟ್ಟರೆ ಬಡಿಸಿದವರಿಗೆ ಬೇಸರ. ಉತ್ತತ್ತಿ, ಬಾಳೆಹಣ್ಣು ತೇರಿನ ಮೇಲೆ ಎಸೆಯುತ್ತಾರೆ, ಕ್ಯಾಮೆರಾ ಜೋಪಾನ. ಮಧ್ಯಾಹ್ನ ಗರ್ಭಗುಡಿ ಮುಚ್ಚಿರುವುದುಂಟು. ಅದಕ್ಕೇ ಗದಗಿನ ಗುಡಿಗಳನ್ನು ಬೆಳಗಿಗೆ ಇಟ್ಟದ್ದು. ಮಾರ್ಚಿನಿಂದ ಮೇವರೆಗೆ ಟೊಪ್ಪಿಗೆ, ನೀರು, ಮಜ್ಜಿಗೆ ಇಲ್ಲದೆ ನಡುಹಗಲು ಹೊರಡಬೇಡಿ. ವಯಸ್ಸಾದವರಿದ್ದರೆ ಶಿರಹಟ್ಟಿ ಬಿಟ್ಟು ಮಧ್ಯಾಹ್ನ ವಿಶ್ರಾಂತಿ ಸೇರಿಸಿ.

ಮೊದಲ ಸಲ ಬರುವವರಿಗೆ ನನ್ನ ಸಲಹೆ ಭಾರತ ಹುಣ್ಣಿಮೆ: ಡಂಬಳದ ರೊಟ್ಟಿಯೂ ಸಿಗುತ್ತದೆ, ಮಾಗಡಿಯ ಹೆಬ್ಬಾತುಗಳೂ ಇನ್ನೂ ಹಾರಿಹೋಗಿರುವುದಿಲ್ಲ. ಆ ವರ್ಷದ ಜಾತ್ರೆಯ ದಿನ ಮಠಕ್ಕೆ ಫೋನ್ ಮಾಡಿ ಖಚಿತಪಡಿಸಿಕೊಂಡು, ಮೊದಲು ವಸತಿಗೃಹದ ಕೋಣೆ ಹಿಡಿಯಿರಿ. ರೈಲಿನ ಟಿಕೆಟ್ ಸಿಗದಿದ್ದರೆ ಬಸ್ಸಿದೆ, ಜಾತ್ರೆಯ ದಿನ ಕೋಣೆ ಸಿಗುವುದು ಕಷ್ಟ.