ಈ ಕಾರ್ಡ್ ನಿಜಕ್ಕೂ ಸ್ಟ್ರಾಂಗಾ?

ಹಾರ್ತ್‌ಸ್ಟೋನ್ ಆಡೋರಿಗೆಲ್ಲ ಒಂದು ಲೆಕ್ಕ ಬಾಯಿಪಾಠ. ಒಂದು ಲೆಜೆಂಡರಿ ಕಾರ್ಡ್ ಮಾಡಿಕೊಳ್ಳೋಕೆ 1600 ಡಸ್ಟ್ ಬೇಕು, ಅದೇ ಕಾರ್ಡ್ ಒಡೆದರೆ ವಾಪಸ್ ಸಿಗೋದು 400. ಅಂದರೆ ಆಯ್ಕೆ ಕೈಕೊಟ್ಟರೆ ಮುಕ್ಕಾಲು ಪಾಲು ಹೋಯ್ತು. ದುಡ್ಡು ಕೊಟ್ಟು ಪ್ಯಾಕ್ ಕೊಳ್ಳದೆ ಆಡುವವರಿಗೆ 1600 ಸೇರಿಸೋದು ಸಣ್ಣ ಕೆಲಸ ಅಲ್ಲ. ಆದ್ದರಿಂದ "ಮಗಾ, ಈ ಕಾರ್ಡ್ ಸಖತ್ತಾಗಿದೆ, ಮಾಡ್ಕೊ" ಅನ್ನೋ ಮಾತು ನಂಬುವ ಮೊದಲು, ಕಾರ್ಡಿನ ಬಲ ಅಳೆಯೋದು ಹೇಗೆ ಅಂತ ನೋಡೋಣ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು 2014ರಲ್ಲಿ ಬ್ಲಿಝಾರ್ಡ್ ಕಂಪನಿ ಬಿಡುಗಡೆ ಮಾಡಿದ ಡಿಜಿಟಲ್ ಕಾರ್ಡ್ ಆಟ. ಇಸ್ಪೀಟಿನಲ್ಲಿ ಎಲ್ಲರಿಗೂ ಅದೇ 52 ಎಲೆ, ಇಲ್ಲಿ 30 ಕಾರ್ಡಿನ ಡೆಕ್ ನಾವೇ ಕಟ್ಟಬೇಕು. ಮೊದಲ ಸರದಿಗೆ 1 ಮಾನಾ, ಎರಡನೆಯದಕ್ಕೆ 2, ಹೀಗೆ 10ರ ತನಕ ಏರುತ್ತೆ. ಪ್ರತಿ ಕಾರ್ಡಿಗೂ ಮಾನಾದಲ್ಲಿ ಬೆಲೆ ಇದೆ. ಮಿನಿಯನ್ ಕಾರ್ಡಿನ ಮೇಲೆ ಎರಡು ಅಂಕಿ ಇರುತ್ತೆ: 4/5 ಅಂದರೆ ಅಟ್ಯಾಕ್ 4, ಹೆಲ್ತ್ 5. ಎದುರಾಳಿ ಹೀರೋನ 30 ಹೆಲ್ತ್ ಸೊನ್ನೆ ಮಾಡಿದರೆ ಗೆದ್ದಂತೆ.

ಈಗ ಯಾವ ವಿಶೇಷ ಶಕ್ತಿಯೂ ಇಲ್ಲದ ಸಾದಾ ಕಾರ್ಡುಗಳನ್ನ ಸಾಲಾಗಿ ಇಟ್ಟು ನೋಡಿ. ಬ್ಲಡ್‌ಫೆನ್ ರಾಪ್ಟರ್ 2 ಮಾನಾಗೆ 3/2. ಚಿಲ್‌ವಿಂಡ್ ಯೇಟಿ 4 ಮಾನಾಗೆ 4/5. ಬೌಲ್ಡರ್‌ಫಿಸ್ಟ್ ಓಗರ್ 6 ಮಾನಾಗೆ 6/7. ಎರಡೂ ಅಂಕಿ ಕೂಡಿದರೆ 5, 9, 13. ಮಾನಾನ ಎರಡರಿಂದ ಗುಣಿಸಿ ಒಂದು ಸೇರಿಸಿದ ಹಾಗೆ! ಇದು ಹಳೆ ಆಟಗಾರರ ಮೊದಲ ಪರೀಕ್ಷೆ. ಕಾರ್ಡು ಇದಕ್ಕಿಂತ ಕಡಿಮೆ ಕೊಟ್ಟರೆ, ಆ ಕೊರತೆಗೆ ಬದಲಾಗಿ ಅದರ ಶಕ್ತಿ ಏನು ಕೊಡುತ್ತೆ ಅಂತ ಕೇಳಬೇಕು.

ಆದರೆ ಕೂಡಿಸೋದರಲ್ಲೇ ಒಂದು ತೊಂದರೆ ಇದೆ. ಮ್ಯಾಗ್ಮಾ ರೇಜರ್ 3 ಮಾನಾಗೆ 5/1. ಮೊತ್ತ 6, ಸೂತ್ರಕ್ಕಿಂತ ಒಂದೇ ಒಂದು ಕಡಿಮೆ. ಆದರೂ ಆಟಗಾರರ ಮಧ್ಯೆ ಅದೊಂದು ಜೋಕ್. ಯಾಕೆ? ಮೇಜ್ ಹೀರೋ 2 ಮಾನಾ ಕೊಟ್ಟು ಪ್ರತಿ ಸರದಿಯಲ್ಲೂ 1 ಡ್ಯಾಮೇಜ್ ಮಾಡಬಹುದು, ಅದಕ್ಕೆ ಕಾರ್ಡೇ ಬೇಡ. ನೀವು ಒಂದು ಕಾರ್ಡು, 3 ಮಾನಾ ಕಳಕೊಂಡ್ರಿ, ಎದುರಾಳಿಗೆ ಖರ್ಚಾಗಿದ್ದು ಬರೀ 2 ಮಾನಾ. ಹಾಗಾಗಿ ಮುಂದಿನ ಪ್ರಶ್ನೆ: ಎದುರಾಳಿ ತನ್ನ ಹತ್ತಿರ ಇರೋ ಅತ್ಯುತ್ತಮ ಉತ್ತರ ಕೊಟ್ಟ ಮೇಲೆ ನನ್ನ ಹತ್ತಿರ ಏನು ಉಳಿಯುತ್ತೆ?

ಈ ಪ್ರಶ್ನೆಗೆ ಒಳ್ಳೆ ಉದಾಹರಣೆ ಡಾಕ್ಟರ್ ಬೂಮ್. 2014ರ ಡಿಸೆಂಬರ್‌ನಲ್ಲಿ ಬಂದ 7 ಮಾನಾದ 7/7, ಜೊತೆಗೆ ಎರಡು 1/1 ಬೂಮ್ ಬಾಟ್‌ಗಳು. ಒಂದೊಂದು ಬಾಟ್ ಸಾಯುವಾಗಲೂ ಯಾವುದಾದರೂ ಒಂದು ಶತ್ರುವಿಗೆ 1ರಿಂದ 4 ಡ್ಯಾಮೇಜ್ ಮಾಡುತ್ತೆ. ಸರಾಸರಿ 2.5, ಎರಡಕ್ಕೆ 5. ಆಗ ಬಿಗ್ ಗೇಮ್ ಹಂಟರ್ ಅಂತ 3 ಮಾನಾದ ಕಾರ್ಡ್ ಇತ್ತು, 7 ಅಥವಾ ಹೆಚ್ಚು ಅಟ್ಯಾಕ್ ಇರೋದನ್ನ ಸೀದಾ ಕೊಲ್ಲುತ್ತಿತ್ತು. ಬೂಮ್‌ಗೆ ಇಷ್ಟು ಅಗ್ಗದ ಉತ್ತರ ಇದ್ದ ಮೇಲೆ ಅದು ದುರ್ಬಲ ಅನ್ನಿಸಬೇಕು. ಆದರೆ ಹಂಟರ್ 7/7ನ ಕೊಂದರೂ ಬಾಟ್‌ಗಳು ಉಳೀತಿದ್ವು, ಮತ್ತೆ 4/2 ಆಗಿದ್ದ ಹಂಟರನ್ನೇ ಒಂದು ಬಾಟ್ ಎಷ್ಟೋ ಸಲ ಎಳಕೊಂಡು ಹೋಗ್ತಿತ್ತು. ಅದೇ ಬೆಲೆಗೆ ಅದೇ 7/7 ಆಗಿದ್ದ ವಾರ್ ಗೋಲೆಮ್‌ನ ಯಾರೂ ಮುಟ್ಟಲಿಲ್ಲ, ಬೂಮ್ ಮಾತ್ರ ಎಲ್ಲಾ ತರದ ಡೆಕ್‌ಗಳಲ್ಲೂ ಇತ್ತು.

ಇನ್ನೊಂದು ಕಾರ್ಡಿನ ಕಥೆ ಬೇರೆ. ಅಂಡರ್‌ಟೇಕರ್, 1 ಮಾನಾಗೆ 1/2, ಸೂತ್ರದ ಪ್ರಕಾರ ಸರಿಯಾಗಿ 3. ಡೆತ್‌ರಾಟಲ್ ಇರೋ ಮಿನಿಯನ್ ಇಳಿಸಿದಾಗೆಲ್ಲ ಅದು +1/+1 ಬೆಳೀತಿತ್ತು. ಅದು ಬಂದ 2014ರ ನಕ್ಸ್‌ರಾಮಸ್ ಸೆಟ್ಟಿನಲ್ಲೇ ಅಗ್ಗದ ಡೆತ್‌ರಾಟಲ್ ಕಾರ್ಡುಗಳೂ ಬಂದವು. ಮೊದಲ ಸರದಿಯಲ್ಲಿ ಇಳಿಸಿದರೆ ಮೂರನೆಯದರಲ್ಲಿ 3/4 ಆಗಿ ನಿಂತಿರುತ್ತಿತ್ತು. ಎಂಟನೇ ಸರದಿಯಲ್ಲಿ ಕೈಗೆ ಬಂದರೆ? ಕಸ. 2015ರ ಜನವರಿಯಲ್ಲಿ ಬ್ಲಿಝಾರ್ಡ್ ಅದರ ಹೆಲ್ತ್ ಬೆಳೆಯೋದನ್ನ ನಿಲ್ಲಿಸಿತು. ಕಾರ್ಡಿನ ಬಲ ಕಾರ್ಡಿನ ಮೇಲೆ ಬರೆದಿರೋದರಲ್ಲಿ ಮಾತ್ರ ಇಲ್ಲ, ಪಕ್ಕದ ಕಾರ್ಡುಗಳಲ್ಲಿ, ಬರುವ ಸಮಯದಲ್ಲಿ ಕೂಡ ಇದೆ.

ಇಷ್ಟೆಲ್ಲ ಯೋಚನೆ ಯಾಕೆ, ಲಕ್ಷಾಂತರ ಆಟಗಳ ಡೇಟಾ ಸಿಗುತ್ತಲ್ಲ ಅಂತ ನೀವು ಕೇಳಬಹುದು. ಸಿಗುತ್ತೆ. ಆದರೆ ಯಾವ ಅಂಕಿ ನೋಡಬೇಕು ಅನ್ನೋದು ಮುಖ್ಯ. ಎಷ್ಟೋ ಜನ ನೋಡೋದು ಕಾರ್ಡ್ ಆಡಿದ ಆಟಗಳಲ್ಲಿ ಎಷ್ಟು ಗೆದ್ದಿದ್ದಾರೆ ಅಂತ. ಇದು ನನ್ನ ಪ್ರಕಾರ ಅತಿ ಮೋಸದ ಅಂಕಿ. 10 ಮಾನಾ ಕಾರ್ಡ್ ಆಡಬೇಕಾದರೆ ಹತ್ತನೇ ಸರದಿ ತನಕ ಬದುಕಿರಬೇಕು. ಆಗಲೇ ಗೆಲ್ಲುತ್ತಾ ಇರೋರು ಆಡಿ ಮುಗಿಸೋ ಕಾರ್ಡಿಗೆ ಆ ಅಂಕಿ ತಾನಾಗೇ ಏರುತ್ತೆ. ಗೆಲುವು ತಂದಿದ್ದು ಕಾರ್ಡಾ, ಅಥವಾ ಗೆಲುವಿನ ಜೊತೆ ಬಂದಿದ್ದು ಕಾರ್ಡಾ, ಗೊತ್ತಾಗಲ್ಲ.

ಇದಕ್ಕಿಂತ ಒಳ್ಳೇದು, ಕಾರ್ಡು ಕೈಗೆ ಬಂದ ಆಟಗಳನ್ನ ಅದೇ ಡೆಕ್ಕಿನ ಒಟ್ಟು ಗೆಲುವಿನ ಜೊತೆ ಹೋಲಿಸೋದು. ಡೆಕ್ ಶಫಲ್ ಆಗಿರೋದರಿಂದ ಕಾರ್ಡು ಬರೋದು ನಮ್ಮ ಇಷ್ಟದ ಮೇಲೆ ಇಲ್ಲ. ಡೆಕ್ 52% ಗೆಲ್ಲುತ್ತೆ, ಈ ಕಾರ್ಡು ಬಂದಾಗ 56% ಅಂದುಕೊಳ್ಳಿ, ಆಗ ಏನೋ ಇದೆ ಅನ್ನಬಹುದು. ಆದರೂ ಉದ್ದ ಆಟಗಳಲ್ಲಿ ಹೆಚ್ಚು ಕಾರ್ಡು ಬರುತ್ತೆ, ಬೇಗ ಮುಗಿಸೋ ಡೆಕ್ಕು ಉದ್ದ ಆಟಗಳನ್ನ ಸೋಲೋದೇ ಜಾಸ್ತಿ. ಅದಕ್ಕೇ ಶುರುವಿನ ಕೈಯಲ್ಲಿ ಬಂದ ಆಟಗಳನ್ನೂ ಪ್ರತ್ಯೇಕವಾಗಿ ನೋಡಬೇಕು.

ಈ ಅಂಕಿಯನ್ನೂ ತಲೆಕೆಳಗು ಮಾಡುವ ಕಾರ್ಡ್ ಒಂದಿತ್ತು: 2016ರ ಕೊನೆಗೆ ಬಂದ ಪ್ಯಾಚಸ್ ದ ಪೈರೇಟ್. 1 ಮಾನಾದ 1/1. ನೀವು ಬೇರೆ ಯಾವುದೇ ಪೈರೇಟ್ ಆಡಿದರೆ ಅದು ಡೆಕ್ಕಿನೊಳಗಿಂದ ಪುಕ್ಕಟೆ ಹಾರಿ ಬಂದು ಅದೇ ಸರದಿಯಲ್ಲಿ ಹೊಡೀತಿತ್ತು. ಕೈಗೆ ಬಂತು ಅಂದರೆ ಮುಗೀತು, ಆ ಹಾರೋ ಆಟ ಇಲ್ಲ. ಅಂದರೆ ಅದು ಕೆಲಸ ಮಾಡೋದೇ ಕೈಗೆ ಬರದಿದ್ದಾಗ! ಕೈಗೆ ಬಂದ ಆಟಗಳ ಅಂಕಿ ನೋಡಿದರೆ ಕಿತ್ತು ಎಸೀಬೇಕು ಅನ್ನಿಸುತ್ತೆ. ಅದರ ಕಾಟ ತಡೀಲಾರದೆ 2018ರ ಫೆಬ್ರವರಿಯಲ್ಲಿ ಬ್ಲಿಝಾರ್ಡ್ ಅದರ ಚಾರ್ಜ್ ಶಕ್ತಿ ತೆಗೀಬೇಕಾಯ್ತು. ಪ್ಯಾಚಸ್‌ನ ಅಳೆಯೋಕೆ ಇರೋದು ಒಂದೇ ದಾರಿ: ಅದು ಇರೋ ಡೆಕ್ಕು, ಅದರ ಜಾಗದಲ್ಲಿ ಬೇರೆ ಕಾರ್ಡ್ ಇರೋ ಅದೇ ಡೆಕ್ಕು, ಎರಡನ್ನೂ ಹೋಲಿಸೋದು. ಯೋಚನೆ ಮಾಡಿದರೆ ಎಲ್ಲಾ ಕಾರ್ಡಿಗೂ ಸರಿಯಾದ ಪ್ರಶ್ನೆ ಇದೇ. 30 ಜಾಗ ಮಾತ್ರ ಇರೋದು. ಇದನ್ನ ಹಾಕೋಕೆ ಯಾವುದನ್ನ ತೆಗೀತೀರಿ?

"ನಾನೇ ಆಡಿ ನೋಡ್ತೀನಿ" ಅನ್ನೋರಿಗೆ ಮ್ಯಾಥ್ಸ್ ಕ್ಲಾಸಿನ ಬೈನಾಮಿಯಲ್ ನೆನಪಿಸಬೇಕು. 100 ಆಟದಲ್ಲಿ 55 ಗೆದ್ದರೆ ಸ್ಟ್ಯಾಂಡರ್ಡ್ ಎರರ್ ಸುಮಾರು 5%. ನಿಮ್ಮ ನಿಜವಾದ ಗೆಲುವು 45%ರಿಂದ 65%ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಒಂದು ಕಾರ್ಡಿನಿಂದ ಬರೋ 2% ವ್ಯತ್ಯಾಸ ಇದರಲ್ಲಿ ಕಾಣೋದೇ ಇಲ್ಲ. ಆ ಎರರ್‌ನ 1%ಗೆ ಇಳಿಸೋಕೇ ಸುಮಾರು 2500 ಆಟ ಬೇಕು, ಅಷ್ಟರಲ್ಲಿ ಇಂಟರ್ನಲ್ಸ್ ಬಂದಿರುತ್ತೆ.

ಮತ್ತೆ ಡಸ್ಟ್ ಲೆಕ್ಕಕ್ಕೆ ಬಂದರೆ, ಯಾರೂ ಅಷ್ಟಾಗಿ ಗಮನಿಸದ ಒಂದು ವಿಷಯ ಇದೆ. ಬ್ಲಿಝಾರ್ಡ್ ಕಾರ್ಡೊಂದನ್ನ ದುರ್ಬಲ ಮಾಡಿದಾಗ ಸಾಮಾನ್ಯವಾಗಿ ಕೆಲವು ದಿನ ಅದನ್ನ ಒಡೆದರೆ ಪೂರ್ತಿ 1600 ವಾಪಸ್ ಸಿಗುತ್ತೆ. ಅತಿ ಬಲವಾದ ಕಾರ್ಡಿಗೆ ಹಾಕಿದ ಡಸ್ಟ್ ಹೀಗೆ ಎಷ್ಟೋ ಸಲ ತಿರುಗಿ ಬರುತ್ತೆ. ಪರವಾಗಿಲ್ಲ ಅನ್ನಿಸೋ ಮಧ್ಯಮ ಲೆಜೆಂಡರಿಗಳನ್ನ ಯಾರೂ ದುರ್ಬಲ ಮಾಡಲ್ಲ, ಅವಕ್ಕೆ ಸಿಗೋದು ಯಾವಾಗಲೂ 400 ಮಾತ್ರ.