ಸೆಕೆಂಡ್‌ಹ್ಯಾಂಡ್ ಬೇಸ್ ಕ್ಯಾಬಿನೆಟ್: ಕೊಳ್ಳಲು, ನುಡಿಸಲು 12 ಸೂತ್ರಗಳು

ಬ್ಯಾಂಡ್‌ನಲ್ಲಿ ಬೇಸ್ ನುಡಿಸುತ್ತೀರಿ, ಆದರೆ ಡ್ರಮ್ಸ್ ಶುರುವಾದ ಕೂಡಲೇ ನಿಮ್ಮ ನೋಟ್ ನಿಮಗೇ ಕೇಳಿಸುವುದಿಲ್ಲ. ಬೆರಳು ಸರಿಯಾಗಿದೆ, ಗಿಟಾರ್ ಸರಿಯಾಗಿದೆ. ಬೇಕಿರುವುದು ಬೆನ್ನ ಹಿಂದೆ ಒಂದು ಒಳ್ಳೆಯ ಕ್ಯಾಬಿನೆಟ್. ಹೊಸದು ಜೇಬಿಗೆ ಭಾರ, ಆದ್ದರಿಂದ ಹಳೆಯದನ್ನೇ ಹುಡುಕಿ. ಹಿಂಜರಿಯಬೇಡಿ. ಕ್ಯಾಬಿನೆಟ್ ಅಂದರೆ ಮರದ ಪೆಟ್ಟಿಗೆ, ಸ್ಪೀಕರ್, ಒಂದೆರಡು ಜ್ಯಾಕ್, ಸ್ವಲ್ಪ ವೈರು. ಅಪ್‌ಡೇಟ್ ಆಗದೆ ಹಳಸುವ ಸಾಫ್ಟ್‌ವೇರ್ ಅದರಲ್ಲಿಲ್ಲ. ಇಪ್ಪತ್ತು ವರ್ಷದ ಕ್ಯಾಬಿನೆಟ್ ಇವತ್ತಿಗೂ ಸ್ಟೇಜ್ ನಡುಗಿಸಬಲ್ಲದು. ಅಂಥದ್ದನ್ನು ಗುರುತಿಸುವ ಕೆಲಸ ನಿಮ್ಮದು.

1. ಮುಂದಿನ ಒಂದು ವರ್ಷದ ಗಿಗ್‌ಗಳನ್ನು ಮೊದಲು ಬರೆದಿಡಿ.

ಎಲ್ಲಿ ನುಡಿಸುತ್ತೀರಿ ಅನ್ನುವುದೇ ಸೈಜ್ ನಿರ್ಧರಿಸುತ್ತದೆ. ಪ್ರಾಕ್ಟೀಸ್ ರೂಮ್, ಕೆಫೆ ಮಟ್ಟಕ್ಕೆ ಒಂದು 12 ಇಂಚಿನ ಸ್ಪೀಕರ್ ಅಥವಾ ಎರಡು 10 ಇಂಚಿನವು ಸಾಕು. ಜೋರಾಗಿ ಹೊಡೆಯುವ ಡ್ರಮ್ಮರ್ ಜೊತೆ ಪಬ್ ಸ್ಟೇಜ್ ಹತ್ತುವುದಾದರೆ 4×10, ಅಂದರೆ ನಾಲ್ಕು 10 ಇಂಚಿನ ಸ್ಪೀಕರ್‌ನ ಪೆಟ್ಟಿಗೆ ನೋಡಿ. ಗಣೇಶೋತ್ಸವದ ರಸಮಂಜರಿ ತಂಡದಲ್ಲಿದ್ದೀರಾ? ಅಲ್ಲಿ ಬೇಸ್ ಡಿಐ ಬಾಕ್ಸ್ ಮೂಲಕ ಮಿಕ್ಸರ್‌ಗೆ ಹೋಗುತ್ತದೆ. ಜನರಿಗೆ ಕೇಳಿಸುವ ಹೊಣೆ ಪಿಎ ಸ್ಪೀಕರ್‌ಗಳದ್ದು. ನಿಮ್ಮ ಕ್ಯಾಬಿನೆಟ್ ನಿಮಗೆ ಕೇಳಿಸಿದರೆ ಆಯಿತು, ಚಿಕ್ಕದನ್ನೇ ಕೊಳ್ಳಿ.

8×10 ಕನಸು ಎಲ್ಲರಿಗೂ ಇರುತ್ತದೆ. 1969ರಲ್ಲಿ ಆಂಪೆಗ್ ಕಂಪನಿ 300 ವ್ಯಾಟ್‌ನ ಎಸ್‌ವಿಟಿ ಆಂಪ್ ತಂದಾಗ ಜೊತೆಗಿದ್ದದ್ದು ಎಂಟು 10 ಇಂಚಿನ ಸ್ಪೀಕರ್‌ಗಳ ಎದೆಯೆತ್ತರದ ಪೆಟ್ಟಿಗೆ. ರಾಕ್ ಸ್ಟೇಜ್‌ಗಳಲ್ಲಿ ಬೇಸ್‌ನ ಗುರುತೇ ಅದಾಯಿತು. 'ಹತ್ತಿಂಚಿನ ಸ್ಪೀಕರ್‌ನಲ್ಲಿ ಬೇಸ್ ಬರಲ್ಲ' ಅನ್ನುವವರಿಗೆ ಅದೇ ಉತ್ತರ ಕೂಡ. ಆದರೆ ಅಂಥ 8×10 ಪೆಟ್ಟಿಗೆ 60 ಕಿಲೋ ಆಸುಪಾಸು ತೂಗುತ್ತದೆ. ಲಿಫ್ಟ್ ಇಲ್ಲದ ಮನೆಯ ಮೂರನೇ ಮಹಡಿಯಲ್ಲಿರುವ ನಿಮಗೆ ಅದು ಬೇಡ.

2. ನಿಮ್ಮ ಆಂಪ್‌ನ ಹಿಂಬದಿ ಓದಿ.

ಅಲ್ಲಿ 'ಕನಿಷ್ಠ 4 ಓಮ್' ಅಂತ ಬರೆದಿದ್ದರೆ ಅದೇ ಲಕ್ಷ್ಮಣರೇಖೆ. 8 ಓಮ್‌ನ ಎರಡು ಕ್ಯಾಬಿನೆಟ್ ಒಟ್ಟಿಗೆ ಹಾಕಿದರೆ ಆಂಪ್‌ಗೆ ಕಾಣುವುದು 4 ಓಮ್. ಸರಿ. 4 ಓಮ್‌ನ ಎರಡು ಹಾಕಿದರೆ 2 ಓಮ್ ಆಗುತ್ತದೆ. ಆಂಪ್ ಬಿಸಿಯಾಗಿ ಆಫ್ ಆಗಬಹುದು, ಸುಟ್ಟೂ ಹೋಗಬಹುದು. ಮುಂದೆ ಇನ್ನೊಂದು ಸೇರಿಸುವ ಯೋಚನೆ ಇದ್ದರೆ ಈಗಲೇ 8 ಓಮ್‌ನದು ಕೊಳ್ಳಿ.

'8 ಓಮ್‌ಗೆ ಪವರ್ ಕಡಿಮೆ ಬರುತ್ತಲ್ಲ' ಎಂದು ತಲೆ ಕೆಡಿಸಿಕೊಳ್ಳಬೇಡಿ. 4 ಓಮ್‌ಗೆ 300 ವ್ಯಾಟ್ ಕೊಡುವ ಆಂಪ್ 8 ಓಮ್‌ಗೆ ಸುಮಾರು 180-200 ಕೊಡುತ್ತದೆ. ಕಿವಿಗೆ ಆ ವ್ಯತ್ಯಾಸ ಎರಡು ಡೆಸಿಬೆಲ್ ಆಸುಪಾಸು ಮಾತ್ರ.

3. ವ್ಯಾಟ್ ನೋಡಿ ಮರುಳಾಗಬೇಡಿ, ಸೆನ್ಸಿಟಿವಿಟಿ ಕೇಳಿ.

ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವುದೇ ಸೆನ್ಸಿಟಿವಿಟಿ. 97 ಡೆಸಿಬೆಲ್‌ನ ಕ್ಯಾಬಿನೆಟ್ ಒಂದು ಮಟ್ಟದ ಸದ್ದಿಗೆ ಎಷ್ಟು ಪವರ್ ಕೇಳುತ್ತದೋ, 100 ಡೆಸಿಬೆಲ್‌ನದು ಅದರ ಅರ್ಧದಲ್ಲೇ ಆ ಸದ್ದು ಮಾಡುತ್ತದೆ. ಮಾಡೆಲ್ ನಂಬರ್ ಸಿಕ್ಕರೆ ಮ್ಯಾನ್ಯುಯಲ್ ಹುಡುಕಿ, ಐದು ನಿಮಿಷದ ಕೆಲಸ. ಇನ್ನೊಂದು ವಿಷಯ: ಹಿಂದೆ ಬರೆದಿರುವ ವ್ಯಾಟ್ ಕಾಯಿಲ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವ ಲೆಕ್ಕ. ಕೆಳಗಿನ ಸ್ವರಗಳಲ್ಲಿ ಕೋನ್ ತನ್ನ ಓಡಾಟದ ಮಿತಿಯನ್ನು ಅದಕ್ಕಿಂತ ಎಷ್ಟೋ ಮೊದಲೇ ಮುಟ್ಟಿಬಿಡುತ್ತದೆ. ಐದು ತಂತಿಯ ಬೇಸ್ ನುಡಿಸುವವರು ಇದನ್ನು ನೆನಪಿಡಿ. ನಿಮ್ಮ ದಪ್ಪ 'ಬಿ' ತಂತಿ ಸುಮಾರು 31 ಹರ್ಟ್ಸ್‌ಗೆ ಇಳಿಯುತ್ತದೆ.

4. ಮಲ್ಟಿಮೀಟರ್ ಇಲ್ಲದೆ ಮಾರುವವರ ಮನೆ ಮೆಟ್ಟಿಲು ಹತ್ತಬೇಡಿ.

'ನನಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ' ಅನ್ನುವುದು ಒಂದು ಅಭ್ಯಾಸ, ಇವತ್ತೇ ಬಿಡಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಾಗಲಿ, ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾಗಲಿ ಸಾದಾ ಡಿಜಿಟಲ್ ಮೀಟರ್ ಸಿಗುತ್ತದೆ. ಕ್ಯಾಬಿನೆಟ್‌ನ ಜ್ಯಾಕ್‌ಗೆ ಒಂದು ಸ್ಪೀಕರ್ ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಯ ಎರಡು ಕಡೆ ಮೀಟರ್ ಮುಟ್ಟಿಸಿ, ಓಮ್ ಓದಿ.

8 ಓಮ್‌ನ ಕ್ಯಾಬಿನೆಟ್ ಮೀಟರ್‌ನಲ್ಲಿ 8 ತೋರಿಸುವುದಿಲ್ಲ. ಐದೂವರೆಯಿಂದ ಏಳರೊಳಗೆ ತೋರಿಸುತ್ತದೆ. 4 ಓಮ್‌ನದು ಮೂರರಿಂದ ಮೂರೂವರೆ. ಗಾಬರಿಯಾಗಬೇಡಿ, ಮೀಟರ್ ಅಳೆಯುವುದು ಡಿಸಿ ರೆಸಿಸ್ಟೆನ್ಸ್, ಅದು ಸಾಮಾನ್ಯವಾಗಿ ಬರೆದಿರುವ ಓಮ್‌ಗಿಂತ ಸ್ವಲ್ಪ ಕೆಳಗೆ.

ಇನ್ನು ಪತ್ತೇದಾರಿ ಕೆಲಸ. 8 ಓಮ್‌ನ 4×10ರಲ್ಲಿ ಸಾಮಾನ್ಯವಾಗಿ ಎರಡೆರಡು ಸ್ಪೀಕರ್ ಸೀರೀಸ್‌ನಲ್ಲಿ, ಆ ಎರಡು ಜೋಡಿ ಪ್ಯಾರಲಲ್‌ನಲ್ಲಿ ಇರುತ್ತವೆ. ಒಂದು ಸ್ಪೀಕರ್ ಸತ್ತರೂ ಅದರ ಜೊತೆಗಾರ ಮೂಕನಾಗುತ್ತಾನೆ. ಆಗ ಮೀಟರ್ 6ರ ಬದಲು 12ರ ಹತ್ತಿರ ತೋರಿಸುತ್ತದೆ. ಎರಡು ಸ್ಪೀಕರ್‌ನ 4 ಓಮ್ ಪೆಟ್ಟಿಗೆ 3ರ ಬದಲು 6 ತೋರಿಸಿದರೂ ಒಂದು ಹೋಗಿದೆ ಅಂತಲೇ ಅರ್ಥ. ಮಾರುವವರು 'ಸಖತ್ ಸೌಂಡ್ ಬರುತ್ತೆ ಬ್ರೋ' ಅನ್ನಲಿ. ನೀವು ಮೀಟರ್ ತೋರಿಸಿ.

ಟ್ವೀಟರ್ ಬಗ್ಗೆ ಮಾತ್ರ ಮೀಟರ್ ಏನೂ ಹೇಳುವುದಿಲ್ಲ. ಅದರ ದಾರಿಯಲ್ಲಿರುವ ಕೆಪಾಸಿಟರ್ ಡಿಸಿಯನ್ನು ತಡೆಯುತ್ತದೆ. ಅದಕ್ಕೆ ಕಿವಿಯೇ ಬೇಕು.

5. ಗ್ರಿಲ್ ಬಿಚ್ಚಿಸಿ, ಕೋನ್ ಮುಟ್ಟಿ.

ಬಿಚ್ಚಲು ಒಪ್ಪದವರಿಂದ ಕೊಳ್ಳಬೇಡಿ. ಟಾರ್ಚ್ ಹಿಡಿದು ಕೋನ್‌ನ ಅಂಚು ನೋಡಿ. ಬಟ್ಟೆಯ ಮಡಿಕೆ ಅಂಚಾದರೆ ದಶಕಗಳೇ ಬಾಳುತ್ತದೆ. ಫೋಮ್ ಅಂಚಾದರೆ ನಮ್ಮ ಸೆಕೆ, ತೇವಕ್ಕೆ ಪುಡಿಪುಡಿಯಾಗುತ್ತದೆ. ಉಗುರಿನಲ್ಲಿ ಮೆಲ್ಲಗೆ ತಟ್ಟಿದರೆ ಗೊತ್ತಾಗುತ್ತದೆ. ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನ್‌ನ ಸುತ್ತ ಸಮನಾಗಿ ಇಟ್ಟು ಮೃದುವಾಗಿ ಒಳಕ್ಕೆ ಒತ್ತಿ, ಬಿಡಿ. ನುಣ್ಣಗೆ ಹೋಗಿ ಬಂದರೆ ಸರಿ. ಕರಕರ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ, ರೀಕೋನ್ (ಕೋನ್, ಕಾಯಿಲ್ ಬದಲಿಸುವ) ಖರ್ಚು ಗ್ಯಾರಂಟಿ.

ಒಂದೂವರೆ ವೋಲ್ಟ್‌ನ ಪೆನ್ಸಿಲ್ ಸೆಲ್ ಒಂದನ್ನು ಕೇಬಲ್ ತುದಿಗೆ ಕ್ಷಣಮಾತ್ರ ಮುಟ್ಟಿಸಿ. ಎಲ್ಲ ಕೋನ್‌ಗಳೂ ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ಒಳಗೆ, ಇನ್ನೊಂದು ಹೊರಗೆ ಹೋದರೆ ಯಾರೋ ರಿಪೇರಿಯಲ್ಲಿ ವೈರ್ ಅದಲುಬದಲು ಮಾಡಿದ್ದಾರೆ. ಅಂಥ ಪೆಟ್ಟಿಗೆಯಲ್ಲಿ ಕೋನ್‌ಗಳು ಒಂದರ ಬೇಸನ್ನು ಇನ್ನೊಂದು ಅಳಿಸಿಹಾಕುತ್ತವೆ. ಖುಷಿಪಡಿ. ರಿಪೇರಿ ಎರಡು ವೈರ್ ಬದಲಿಸುವಷ್ಟೇ, ಚೌಕಾಸಿಗೆ ಸಿಕ್ಕುವ ಅಸ್ತ್ರ ಮಾತ್ರ ದೊಡ್ಡದು.

6. ನಿಮ್ಮದೇ ಬೇಸ್, ನಿಮ್ಮದೇ ಆಂಪ್ ಒಯ್ದು ನುಡಿಸಿ.

ಅವರ ಆಂಪ್‌ನಲ್ಲಿ ಚೆನ್ನಾಗಿ ಕೇಳಿಸಿದ್ದು ಮನೆಗೆ ಬಂದ ಮೇಲೆ ಹಾಗೆಯೇ ಕೇಳಿಸಬೇಕೆಂದೇನಿಲ್ಲ. ಇಕ್ಯೂ ನಾಬ್‌ಗಳನ್ನೆಲ್ಲ ನಡುಗೆರೆಗೆ ತನ್ನಿ. ತೆರೆದ 'ಇ' ತಂತಿಯಿಂದ ಒಂದೊಂದೇ ಫ್ರೆಟ್ ಏರುತ್ತಾ ನುಡಿಸಿ. ಯಾವುದಾದರೂ ಒಂದೇ ನೋಟ್‌ಗೆ 'ಬರ್ರ್' ಅಂದರೆ ನಿಲ್ಲಿಸಿ, ಅದನ್ನೇ ಮತ್ತೆ ಮತ್ತೆ ನುಡಿಸುತ್ತಾ ಪೆಟ್ಟಿಗೆಯ ಹಿಡಿಕೆ, ಗ್ರಿಲ್, ಹಿಂದಿನ ಜ್ಯಾಕ್ ಪ್ಲೇಟ್ ಒಂದೊಂದಾಗಿ ಅದುಮಿ. ಸದ್ದು ನಿಂತರೆ ಸ್ಕ್ರೂ ಸಡಿಲ ಅಷ್ಟೇ. ನಿಲ್ಲದಿದ್ದರೆ ಸ್ಪೀಕರ್ ಮೇಲೆ ಅನುಮಾನ. ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು ಕಡಿಮೆ ವಾಲ್ಯೂಮ್‌ನಲ್ಲಿ 40ರಿಂದ 300 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸಿದರೆ ಇದೇ ಪರೀಕ್ಷೆ ಇನ್ನೂ ಖಚಿತ.

ಟ್ವೀಟರ್ ಕೇಳಿಸದಿದ್ದರೆ ಮೊದಲು ಹಿಂದಿನ ನಾಬ್ ನೋಡಿ, ಪೂರ್ತಿ ಇಳಿಸಿಟ್ಟಿರಬಹುದು. ನಿಜವಾಗಿ ಸುಟ್ಟಿದ್ದರೂ ಚಿಂತೆಯಿಲ್ಲ. ಎಷ್ಟೋ ಬೇಸ್ ವಾದಕರು ಅದನ್ನು ಆಫ್ ಮಾಡಿಯೇ ನುಡಿಸುತ್ತಾರೆ. ಬೆಲೆ ಇಳಿಸಿ, ತೊಗೊಳ್ಳಿ.

7. ಸ್ಪೀಕರ್ ಅಸಲಿಯೇ ಅಂತ ಖಾತ್ರಿ ಮಾಡಿಕೊಳ್ಳಿ.

ಪೆಟ್ಟಿಗೆಯ ಒಳಗಿನ ಜಾಗ, ಪೋರ್ಟ್‌ನ ಉದ್ದ ಎಲ್ಲವನ್ನೂ ಒಂದು ನಿರ್ದಿಷ್ಟ ಸ್ಪೀಕರ್‌ಗೆಂದೇ ಲೆಕ್ಕ ಹಾಕಿರುತ್ತಾರೆ. ಅದರಲ್ಲಿ ಯಾವುದೋ ಪಿಎ ಸ್ಪೀಕರ್ ತುರುಕಿದ್ದರೆ ಹೊರಗಿನ ಬ್ರ್ಯಾಂಡ್ ಸ್ಟಿಕರ್‌ಗೆ ಬೆಲೆ ಕೊಡಬೇಡಿ. ಒಂದು ಸ್ಪೀಕರ್ ಬಿಚ್ಚಿ ಹಿಂದಿನ ನಂಬರ್ ಓದಿ. ಅಮೆರಿಕದ ಎಮಿನೆನ್ಸ್ ಕಂಪನಿ ಹಲವು ಬ್ರ್ಯಾಂಡ್‌ಗಳಿಗೆ ಸ್ಪೀಕರ್ ಮಾಡಿಕೊಟ್ಟಿದೆ; ಅದರ ಕೋಡ್ 67ರಿಂದ ಶುರುವಾಗುತ್ತದೆ. 67-9842 ಅಂತಿದ್ದರೆ 1998ರ 42ನೇ ವಾರದ್ದು. ನಾಲ್ಕರಲ್ಲಿ ಮೂರು 98ರವು, ಒಂದು 2006ರದ್ದಾದರೆ ನಡುವೆ ಏನೋ ನಡೆದಿದೆ. ಕೇಳಿ.

8. ಮರ ನೋಡಿ.

ಪ್ಲೈವುಡ್ ಆದರೆ ಒಳ್ಳೆಯದು. ಪಾರ್ಟಿಕಲ್ ಬೋರ್ಡ್ ಆದರೆ ಕೆಳಗಿನ ಮೂಲೆಗಳನ್ನು ಉಗುರಿನಿಂದ ಒತ್ತಿ ನೋಡಿ. ಒಮ್ಮೆ ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಮತ್ತೆ ಸರಿಹೋಗುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಮಾಲಾದರೆ ಸ್ಪೀಕರ್‌ನ ಲೋಹದ ಚೌಕಟ್ಟು, ಸ್ಕ್ರೂಗಳ ತುಕ್ಕನ್ನೂ ಪರೀಕ್ಷಿಸಿ. ಹೊರಗಿನ ಗೀರು, ಹರಿದ ಕಾರ್ಪೆಟ್ ಲೆಕ್ಕಕ್ಕಿಲ್ಲ, ಬೆಲೆ ಇಳಿಸಲು ಬಿಟ್ಟು.

9. ನಿಮ್ಮ ಕೊನೆಯ ಬೆಲೆ ಮನೆಯಲ್ಲೇ ಬರೆದುಕೊಂಡು ಹೋಗಿ.

ನನ್ನ ಲೆಕ್ಕದಲ್ಲಿ, ದೋಷವಿಲ್ಲದ ಹಳೆಯ ಕ್ಯಾಬಿನೆಟ್‌ಗೆ ಅದೇ ದರ್ಜೆಯ ಹೊಸದರ ಅರ್ಧ ಬೆಲೆಯಿಂದ ಮಾತು ಶುರುವಾಗಬೇಕು. ಸಿಕ್ಕ ಪ್ರತಿ ದೋಷಕ್ಕೂ ರಿಪೇರಿ ಖರ್ಚು ಕಳೆಯಿರಿ. ಸ್ಪೀಕರ್ ಒಂದು ಸತ್ತಿದ್ದರೆ ಮೊದಲು ರೀಕೋನ್ ಮಾಡುವವರಿಗೆ ಅಲ್ಲಿಂದಲೇ ಫೋನ್ ಮಾಡಿ ರೇಟ್ ಕೇಳಿ. ಎದುರಿಗಿರುವವರೂ ಸಂಗೀತಗಾರರೇ, ಮರ್ಯಾದೆಯಿಂದ ಮಾತಾಡಿ, ನಂಬರ್‌ಗಳನ್ನಿಟ್ಟು ಮಾತಾಡಿ. ಹೊಂದದಿದ್ದರೆ ನಕ್ಕು ಎದ್ದು ಬನ್ನಿ. ಎರಡು ದಿನದಲ್ಲಿ ಅವರೇ ಫೋನ್ ಮಾಡಿದರೆ ಆಶ್ಚರ್ಯವಿಲ್ಲ.

ಸಾಗಿಸುವ ಬಾಡಿಗೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿ. 4×10 ಪ್ಯಾಸೆಂಜರ್ ಆಟೋದಲ್ಲಿ ಹಿಡಿಸುವುದು ಕಷ್ಟ. ಗೂಡ್ಸ್ ಆಟೋ ಅಥವಾ ಟಾಟಾ ಏಸ್ ಕರೆಸಿ, ಹಳೇ ರಗ್ಗು, ಹಗ್ಗ, ಟಾರ್ಪಾಲಿನ್ ಒಯ್ಯಿರಿ.

10. ಕೇಬಲ್‌ನಲ್ಲಿ ಉಳಿತಾಯ ಬೇಡ.

ಗಿಟಾರ್‌ನಿಂದ ಆಂಪ್‌ಗೆ ಹೋಗುವ ಕೇಬಲ್ಲೂ ಆಂಪ್‌ನಿಂದ ಕ್ಯಾಬಿನೆಟ್‌ಗೆ ಹೋಗುವ ಕೇಬಲ್ಲೂ ನೋಡಲು ಅವಳಿಜವಳಿ. ಮೊದಲನೆಯದರ ನಡುವಿರುವುದು ತೆಳು ತಂತಿ, ಸುತ್ತ ಶೀಲ್ಡ್. ಅದನ್ನು ಕ್ಯಾಬಿನೆಟ್‌ಗೆ ಹಾಕಿದರೆ ದೊಡ್ಡ ಕರೆಂಟಿಗೆ ಬಿಸಿಯಾಗುತ್ತದೆ, ಆಂಪ್‌ಗೂ ಅಪಾಯ. ಎರಡು ದಪ್ಪ ತಂತಿಯ ಸ್ಪೀಕರ್ ಕೇಬಲ್ಲೇ ಬೇಕು. ಆಯ್ಕೆ ಇದ್ದರೆ ತಿರುಗಿಸಿ ಲಾಕ್ ಮಾಡುವ ಸ್ಪೀಕಾನ್ ಕನೆಕ್ಟರ್ ಬಳಸಿ, ಕುಣಿತದ ಮಧ್ಯೆ ಕಾಲು ಸಿಕ್ಕಿದರೂ ಕಳಚಿಕೊಳ್ಳದು. ವಾಲ್ವ್ ಆಂಪ್ ಇರುವವರು ಕ್ಯಾಬಿನೆಟ್ ಜೋಡಿಸದೆ ಎಂದೂ ಆನ್ ಮಾಡಿ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದರ ರಿಪೇರಿ ನಿಮ್ಮ ಕ್ಯಾಬಿನೆಟ್‌ನ ಬೆಲೆಯನ್ನೇ ಮುಟ್ಟಬಹುದು.

11. ಜಾಗ ಬದಲಿಸಿ ನೋಡಿ, ನಾಬ್ ಆಮೇಲೆ.

ಕ್ಯಾಬಿನೆಟ್ ನೆಲದ ಮೇಲಿದ್ದರೆ ಬೇಸ್ ಹೆಚ್ಚುತ್ತದೆ. ಗೋಡೆಗೆ ತಾಗಿಸಿದರೆ ಇನ್ನೂ, ಮೂಲೆಗೆ ಸರಿಸಿದರೆ ಮತ್ತೂ. ಪುಟ್ಟ ಕ್ಯಾಬಿನೆಟ್ ಇರುವವರಿಗೆ ಇದು ಪುಕ್ಕಟೆ ಪವರ್. ಟೊಳ್ಳಾದ ಮರದ ಸ್ಟೇಜ್ ಮೇಲೆ ಮಾತ್ರ ಉಲ್ಟಾ: ಸ್ಟೇಜೇ ಗುಂಯ್‌ಗುಟ್ಟುತ್ತದೆ. ಅಲ್ಲಿ ಗಟ್ಟಿ ಫೋಮ್ ಅಥವಾ ಸ್ಟ್ಯಾಂಡ್ ಮೇಲೆ ಎತ್ತಿಡಿ. ಎತ್ತಿಟ್ಟರೆ ಇನ್ನೊಂದು ಲಾಭ, ಸದ್ದು ಮೊಣಕಾಲಿಗಲ್ಲ ಕಿವಿಗೆ ಬರುತ್ತದೆ. ಎರಡು 2×10 ಇದ್ದರೆ ಸ್ಪೀಕರ್‌ಗಳೆಲ್ಲ ಒಂದರ ಮೇಲೊಂದು ಕಂಬದಂತೆ ಬರುವ ಹಾಗೆ ನಿಲ್ಲಿಸಿ. ಅಕ್ಕಪಕ್ಕ ಇಟ್ಟರೆ ಬದಿಯಲ್ಲಿ ನಿಂತ ಗಿಟಾರಿಸ್ಟ್‌ಗೆ ನಿಮ್ಮ ನೋಟ್‌ನ ಸ್ಪಷ್ಟತೆಯೇ ಹೋಗುತ್ತದೆ.

ಕೇಳಿಸುತ್ತಿಲ್ಲ ಅಂತ ಬೇಸ್ ನಾಬ್ ತಿರುಗಿಸುವವರೇ ಹೆಚ್ಚು. ಕೈ ತಡೆಯಿರಿ. 6 ಡೆಸಿಬೆಲ್ ಏರಿಸಿದಿರಿ ಅಂದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ಪವರ್ ಕೇಳಿದಿರಿ. ಆಂಪ್ ಸುಸ್ತು, ಕೋನ್ ಹೈರಾಣ. ತೆರೆದ 'ಇ' ತಂತಿಯ ಮೂಲಸ್ವರ 41 ಹರ್ಟ್ಸ್ ಆದರೂ ಕಿವಿ ಹೆಚ್ಚಾಗಿ ಹಿಡಿಯುವುದು 82 ಮತ್ತು ಅದಕ್ಕೂ ಮೇಲಿನ ಹಾರ್ಮೋನಿಕ್‌ಗಳನ್ನು. ಗಲಾಟೆ ನಡುವೆ ಬೇಸನ್ನು ದಾಟಿಸುವುದು 200ರಿಂದ 800 ಹರ್ಟ್ಸ್‌ನ ಮಿಡ್ಸ್. ಅದನ್ನು ಏರಿಸಿ. ಹೈಪಾಸ್ ಫಿಲ್ಟರ್ ಇದ್ದರೆ 35-40 ಹರ್ಟ್ಸ್‌ನಲ್ಲಿಟ್ಟು ಕೆಳಗಿನ ಕಸ ಕತ್ತರಿಸಿ. ಒಬ್ಬರೇ ನುಡಿಸುವಾಗ ಈ ಟೋನ್ ಒರಟೆನಿಸಬಹುದು. ಬ್ಯಾಂಡ್ ಜೊತೆ ಕೇಳಿ ಆಮೇಲೆ ತೀರ್ಮಾನಿಸಿ.

12. ಅಕ್ಕಪಕ್ಕದವರನ್ನು ಗೆದ್ದುಕೊಳ್ಳಿ.

ಬೇಸ್‌ನ ಸದ್ದು ಗೋಡೆ, ಸ್ಲ್ಯಾಬ್ ದಾಟಿ ಕೆಳಮನೆಯವರ ಹಾಸಿಗೆವರೆಗೆ ಹೋಗುತ್ತದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ 10ರಿಂದ ಬೆಳಗಿನ 6. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡೇ ಅಭ್ಯಾಸ ಮಾಡಿ, ಕ್ಯಾಬಿನೆಟ್ಟನ್ನು ಜ್ಯಾಮ್ ರೂಮ್‌ಗೆ ಒಯ್ಯಿರಿ. ಅಲ್ಲಿ ನಾಳೆ ಸಂಜೆಯ ಎರಡು ಗಂಟೆ ಸ್ಲಾಟ್ ಈಗಲೇ ಬುಕ್ ಮಾಡಿ, ಡ್ರಮ್ಮರ್‌ಗೂ ಫೋನ್ ಮಾಡಿಬಿಡಿ.